ಅಣ್ಣನ ಗಂಟಲು, ನನ್ನ ಟ್ಯಾಬ್ಲೆಟ್

ಮಧ್ಯಾಹ್ನ ಊಟವಾದ ಮೇಲೆ ಹುಣಸೂರಿನಲ್ಲಿ ಯಾರಿಗೂ ಕಣ್ಣು ಮಂಜಾಗುವುದಿಲ್ಲ. ಕನ್ನಡಕದ ಅಂಗಡಿ ಇಟ್ಟುಕೊಂಡು ಇಷ್ಟು ವರ್ಷ ಕೂತಿದ್ದಕ್ಕೆ ನಾನು ಕಂಡುಕೊಂಡ ಸತ್ಯ ಇದೊಂದೇ. ಬೆಳಿಗ್ಗೆ ಪಿರಿಯಾಪಟ್ಟಣದ ಬಸ್ಸಿನಿಂದ ಇಳಿದವರು, ಎಚ್.ಡಿ. ಕೋಟೆ ಕಡೆಯಿಂದ ಸಂತೆಗೆಂದು ಬಂದವರು, ಬಿಳಿಕೆರೆಯಲ್ಲಿ ಕನ್ನಡಕದ ಮೇಲೆ ಕೂತುಬಿಟ್ಟು ಅದರ ಎರಡು ಹೋಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದವರು, ಹೀಗೆ ಜನ ಬರುತ್ತಾರೆ. ಮಧ್ಯಾಹ್ನವಾಯಿತೆಂದರೆ ಎಲ್ಲರ ದೃಷ್ಟಿಯೂ ನೆಟ್ಟಗಾಗಿಬಿಡುತ್ತದೆ. ರಸ್ತೆಯ ಮೇಲೆ ಬಿಸಿಲು ಮಲಗಿರುತ್ತದೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತ ಫ್ರೇಮುಗಳು ಕಣ್ಣಿಲ್ಲದೆಯೇ ನನ್ನನ್ನು ನೋಡುತ್ತಿರುತ್ತವೆ. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲೇ ನಾನು ಟ್ಯಾಬ್ಲೆಟ್ಟಿನ ಕೈಗೆ ಸಿಕ್ಕಿಬಿದ್ದದ್ದು.

ಅದನ್ನು ತಂದದ್ದೇನೋ ಅಂಗಡಿಯ ಕೆಲಸಕ್ಕೇ. ಗೋಡೆಯ ಮೇಲಿನ ಅಕ್ಷರದ ಪಟ್ಟಿ ಹಳದಿಯಾಗಿತ್ತು, ಪರದೆಯ ಮೇಲೆ ಅಕ್ಷರ ತೋರಿಸೋಣವೆಂದು ತಂದೆ. ಆದರೆ ಆ ತೆಳ್ಳನೆಯ ಹಲಗೆಯೊಳಗೆ ಎಷ್ಟೊಂದು ಬಾಗಿಲುಗಳಿವೆ ಎಂದು ಯಾರೂ ನನಗೆ ಹೇಳಿರಲಿಲ್ಲ. ನಕ್ಷೆಯ ಆ್ಯಪಿನಲ್ಲಿ ಮೇಲಿನಿಂದ ಕಾಣುವ ಚಿತ್ರ ತೆರೆದರೆ ಸಾಕು, ನಾನು ಕುರ್ಚಿಯಿಂದ ಎದ್ದು ಹಾರಲು ಶುರುಮಾಡುತ್ತಿದ್ದೆ. ಲಕ್ಷ್ಮಣತೀರ್ಥದ ಹಸಿರು ಗೆರೆಯ ಗುಂಟ ತೇಲಿ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳ ಕೆಂಪು ಹೆಂಚನ್ನು ದಾಟಿ, ಕಬಿನಿ ಹಿನ್ನೀರಿನ ಮೇಲೆ ಸುಮ್ಮನೆ ನಿಂತುಬಿಡುತ್ತಿದ್ದೆ. ಪರದೆಯನ್ನು ಎರಡು ಭಾಗ ಮಾಡಿಕೊಳ್ಳಬಹುದೆಂದು ಗೊತ್ತಾದ ಮೇಲಂತೂ ಒಂದು ಭಾಗದಲ್ಲಿ ಹಿನ್ನೀರು, ಇನ್ನೊಂದರಲ್ಲಿ ಮಳೆಯ ಸದ್ದು ಮಾಡುವ ಆ್ಯಪು. ಹಾಗೆ ಮಳೆಯಲ್ಲಿ ನೆನೆಯುತ್ತಾ ಕೂತಿದ್ದಾಗ ಗಿರಾಕಿಯೊಬ್ಬರು ಒಳಗೆ ಬಂದು, "ಸಾರ್, ಒಳಗೆ ನಲ್ಲಿ ಬುಟ್ಟು ಬಂದಿದ್ದೀರ, ನೋಡಿ" ಎಂದರು. ಹಕ್ಕಿಯ ದನಿ ಕೇಳಿ ಹೆಸರು ಹೇಳುವ ಆ್ಯಪು ಕೂಡ ಹಾಕಿಕೊಂಡಿದ್ದೆ. ಅದು ಬಸ್‌ಸ್ಟ್ಯಾಂಡಿನ ಆಟೋದ ಬ್ರೇಕನ್ನು ಕೇಳಿಸಿಕೊಂಡು ಯಾವುದೋ ಹದ್ದಿನ ಹೆಸರು ಹೇಳಿತು. ಆವತ್ತಿನಿಂದ ಆ ಆಟೋ ಹೋದಾಗಲೆಲ್ಲ ನಾನು ಆಕಾಶ ನೋಡುತ್ತೇನೆ.

ತಾನು ಕಂಡ ಕನಸನ್ನು ತನ್ನಷ್ಟಕ್ಕೆ ಇಟ್ಟುಕೊಳ್ಳುವವನು ಜಾಣ. ನಾನು ಊರಿಗೆಲ್ಲ ಹಂಚಿದೆ. ಕನ್ನಡಕಕ್ಕೆಂದು ಬಂದವರನ್ನು ಕೂರಿಸಿಕೊಂಡು ಉಪದೇಶ ಮಾಡಿದೆ. ಸಂಜೆಯ ಮೇಲೆ ಪರದೆಯ ಬಣ್ಣವನ್ನು ಅರಿಶಿನಕ್ಕೆ ತಿರುಗಿಸಿಕೊಳ್ಳಿ, ಕಣ್ಣಿಗೆ ಹಿತ. ಓದಲು ಬೇಜಾರಾದರೆ ಅದೇ ಓದಿ ಹೇಳುತ್ತದೆ, ಕಣ್ಣು ಮುಚ್ಚಿ ಕೇಳಿ. ಅಕ್ಷರ ಕಾಣದಿದ್ದರೆ ಇಗೋ ಇಲ್ಲಿ ಒತ್ತಿ, ಕುಂಬಳಕಾಯಿಯಷ್ಟು ದಪ್ಪವಾಗುತ್ತದೆ. ಈ ಕೊನೆಯ ಸಲಹೆ ಕೇಳಿದವರು ಸಂತೋಷವಾಗಿ ಥ್ಯಾಂಕ್ಸ್ ಹೇಳಿ, ಕನ್ನಡಕ ಕೊಳ್ಳದೆ ಹೊರಟುಹೋಗುತ್ತಿದ್ದರು. ನನ್ನ ಹೆಂಡತಿ ಸುಮಿತ್ರಾ ಒಂದು ದಿನ ಬುತ್ತಿ ತಂದವಳು ಇದನ್ನು ನೋಡಿ, "ಅಂಗಡಿ ಬಾಗಿಲು ಹಾಕೋ ಆ್ಯಪೂ ಒಂದಿರಬೇಕು, ಹುಡುಕಿ" ಎಂದು ಹೇಳಿ ಹೋದಳು. ಅವಳು ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ನಾನಾಗ ಹಿನ್ನೀರಿನ ಮೇಲಿದ್ದೆ.

ಇಂಥ ನನಗೆ, ಟ್ಯಾಬ್ಲೆಟ್ಟಿನಿಂದ ನಿಜವಾದ ಉಪಯೋಗವೊಂದು ಒದಗಿ ಬಂದದ್ದು ನಮ್ಮಣ್ಣನ ಗಂಟಲಿನ ಮೂಲಕ.

ಅಣ್ಣ ಮಾದೇವಪ್ಪ ರಾವಂದೂರಿನ ಹತ್ತಿರ ನಮ್ಮೂರಿನಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ. ಅವನಿಗೆ ಬೇಸಾಯಕ್ಕಿಂತ ದೊಡ್ಡದೊಂದು ಆಸ್ತಿಯಿದೆ, ಅದು ಅವನ ದನಿ. ಕೆರೆಯಾಚೆಯ ಶುಂಠಿ ಹೊಲದಲ್ಲಿ ನಿಂತು ಅವನು "ಗೌರೀ, ಕಾಪೀ" ಎಂದರೆ ಈಚೆ ದಡದ ಮನೆಯಲ್ಲಿ ಅತ್ತಿಗೆ ಗೌರಮ್ಮ ಒಲೆಯ ಮೇಲೆ ಪಾತ್ರೆ ಇಡುತ್ತಾಳೆ. ನಡುವಿನ ಮನೆಗಳಲ್ಲೂ ಕೆಲವರು ಇಟ್ಟುಬಿಡುತ್ತಾರೆ ಎಂದು ಹೇಳುವುದುಂಟು. ಅವನಿಗೆ ಫೋನು ಕೊಡಿಸಿದ್ದೆವು. ಫೋನಿನಲ್ಲಿ ಅವನು ಮಾತಾಡುವಾಗ ಆ ಕಡೆಯವರು ಫೋನನ್ನು ಜಗಲಿಯ ಮೇಲಿಟ್ಟು ಅಂಗಳದಲ್ಲಿ ನಿಂತು ಕೇಳುತ್ತಿದ್ದರು.

ಅಂಥ ದನಿ ಕಳೆದ ವರ್ಷ ಒಡೆಯಿತು. ಮೊದಲು ಗೊಗ್ಗರಾಯಿತು, ಆಮೇಲೆ ಗಾಳಿಯಾಯಿತು. ಮೈಸೂರಿನ ಡಾಕ್ಟರು ನೋಡಿ, ಗಂಟಲೊಳಗೆ ಒಂದು ಗಂಟಿದೆಯೆಂದು ಹೇಳಿ, ಆಪರೇಷನ್ ಮಾಡಿ ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. "ರಿಪೋರ್ಟ್ ಬರೋವರೆಗೂ ಏನೂ ಹೇಳೋಕಾಗಲ್ಲ. ನಾನು ಹೇಳೋವರೆಗೂ ನೀವು ಬಾಯಿ ಬಿಡಂಗಿಲ್ಲ. ಪಿಸುಗುಟ್ಟಂಗೂ ಇಲ್ಲ. ಬಿಟ್ರೆ ಇರೋ ದನೀನೂ ಹೋಗುತ್ತೆ" ಎಂದರು. ಅಣ್ಣ ತಲೆಯಾಡಿಸಿದ. ಅವನು ಮಾತಿಲ್ಲದೆ ಯಾರ ಮಾತಿಗಾದರೂ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾರಿನಲ್ಲಿ ಊರಿಗೆ ಬರುವಾಗ ಅತ್ತಿಗೆ ಕಿಟಕಿಯಾಚೆ ನೋಡುತ್ತಿದ್ದಳು.

ಆಗ ನಾನು, ಇಂಥ ಗಳಿಗೆಗಾಗಿಯೇ ಹುಟ್ಟಿದವನ ಹಾಗೆ, ಟ್ಯಾಬ್ಲೆಟ್ ತೆಗೆದುಕೊಂಡು ಹೋದೆ. ಬೆರಳಿನಲ್ಲಿ ಪರದೆಯ ಮೇಲೆ ಬರೆದರೆ ಅದನ್ನು ಅಕ್ಷರ ಮಾಡಿಕೊಳ್ಳುವ ಆ್ಯಪು ಒಂದು, ಆ ಅಕ್ಷರವನ್ನು ಓದಿ ಹೇಳುವ ಆ್ಯಪು ಇನ್ನೊಂದು. ಎರಡನ್ನೂ ಜೋಡಿಸಿ ಅಣ್ಣನ ತೊಡೆಯ ಮೇಲಿಟ್ಟೆ. ಅವನು ದಪ್ಪ ಬೆರಳಿನಿಂದ, ಹೊಲದಲ್ಲಿ ಗೆರೆ ಎಳೆಯುವವನಂತೆ ಬರೆದು ಒತ್ತಿದ. ಒಳಗಿಂದ ಒಬ್ಬ ಹೆಂಗಸು, ವಾರ್ತೆ ಓದುವ ಗತ್ತಿನಲ್ಲಿ, "ನೀರು ಕೊಡು" ಎಂದಳು. ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದು, "ಯಾರ್ ಬಂದವ್ರೆ?" ಎಂದು ಅಂಗಳವನ್ನೆಲ್ಲ ನೋಡಿದಳು.

ತೊಂದರೆ ಏನೆಂದರೆ ಅಣ್ಣ ಮಾತಾಡಿದ ಹಾಗೇ ಬರೆಯುತ್ತಿದ್ದ. ಆ ಯಂತ್ರಕ್ಕೋ ಪುಸ್ತಕದ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲ. ಅಣ್ಣ "ಅಂಗಲ್ಲ ಕಣ್ಲಾ" ಎಂದು ಬರೆದರೆ ಅದು ತಾನೇ ತಿದ್ದಿಕೊಂಡು "ಅಂಗಳ ಕಣಜ" ಎನ್ನುತ್ತಿತ್ತು. ಅಣ್ಣ ಸಿಟ್ಟಿನಲ್ಲಿ ಮತ್ತೆ ಬರೆದರೆ ಮತ್ತೆ "ಅಂಗಳ ಕಣಜ." ಬಯ್ಯಲು ಬಾಯಿಲ್ಲ, ಬರೆದು ಬೈದರೆ ಅದನ್ನೂ ತಿದ್ದುತ್ತದೆ. ಗಂಟಲು ವಿಚಾರಿಸಲು ಅಕ್ಕಪಕ್ಕದ ಹೆಂಗಸರು ಬಂದು ಜಗಲಿಯ ಮೇಲೆ ಕೂತಿದ್ದಾಗ ಅಣ್ಣನಿಗೆ ಹಸಿವಾಯಿತು. "ಮುದ್ದೆ ಕೊಡು" ಎಂದು ಬರೆದು ಒತ್ತಿದ. ವಾರ್ತೆಯ ಹೆಂಗಸು ಸ್ಪಷ್ಟವಾಗಿ, ಒಂದೊಂದು ಅಕ್ಷರವನ್ನೂ ತೂಗಿ, "ಮುದ್ದು ಕೊಡು" ಎಂದಳು. ಜಗಲಿಯಲ್ಲಿ ಎದ್ದ ನಗುವಿಗೆ ಹಟ್ಟಿಯಲ್ಲಿದ್ದ ಹಸು ತಿರುಗಿ ನೋಡಿತು. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಗಂಟ್ಲು ಕುಯ್ದ್ರೆ ಇಂಗೂ ಆಯ್ತದಾ?" ಎನ್ನುತ್ತಾ ಒಳಗೆ ಓಡಿದಳು. ಅಣ್ಣ ನನ್ನನ್ನು ನೋಡಿದ ನೋಟಕ್ಕೆ ಯಾವ ಆ್ಯಪೂ ಬೇಕಿರಲಿಲ್ಲ.

ನಾನು ಬಿಡಲಿಲ್ಲ. ಟ್ಯಾಬ್ಲೆಟ್ಟಿಗೆ ಹೊಸ ಮಾತು ಕಲಿಸುವ ಜಾಗವೊಂದಿದೆ, ಅಲ್ಲಿ ಒಂದೊಂದಾಗಿ ಸೇರಿಸಿದೆವು. ಮುದ್ದೆ, ಬುಡು, ಕಣ್ಲಾ, ಅಂಗಲ್ಲ, ಅಳ್ಳಿ. ಅಣ್ಣ ಬರೆಯುವುದು, ನಾನು ಸೇರಿಸುವುದು. ಮಾವಿನ ನೆರಳಿನಲ್ಲಿ ಇಬ್ಬರೂ ಹೀಗೆ ಕೂತು ನಮ್ಮಪ್ಪನ ಬಾಯಿಯ ಮಾತು, ಅವ್ವನ ಬಾಯಿಯ ಮಾತುಗಳನ್ನೆಲ್ಲ ನೆನೆಸಿಕೊಂಡು ಅದಕ್ಕೆ ಉಣಿಸಿದೆವು. ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು. ಸಣ್ಣವರಿದ್ದಾಗಲೂ ನಾವು ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ನನಗೆ ನೆನಪಿಲ್ಲ. ಅವನು ಕೂಗುತ್ತಿದ್ದ, ನಾನು ಎಲ್ಲಿಯೋ ಇರುತ್ತಿದ್ದೆ. ಸಂಜೆಯ ಹೊತ್ತಿಗೆ ವಾರ್ತೆಯ ಹೆಂಗಸು ಸಾಕಷ್ಟು ಹಳ್ಳಿಯವಳಾಗಿದ್ದಳು. "ಓಗ್ಲಿ ಬುಡ್ಲಾ" ಎಂದು ಅವಳು ಮೊದಲ ಸಲ ಅಂದಾಗ ಅಣ್ಣನ ಹೆಗಲು ಕುಲುಕಿತು. ಸದ್ದಿಲ್ಲದೆ ನಗುತ್ತಿದ್ದ. ಟ್ಯಾಬ್ಲೆಟ್ಟನ್ನು ಅವನ ಹತ್ತಿರವೇ ಬಿಟ್ಟು ಬಂದೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಪಾತ್ರೆಗಳ ಸದ್ದಿನಲ್ಲಿ ಜಗಲಿಯಲ್ಲಿ ಆಡಿದ್ದು ಅಡುಗೆಮನೆಗೆ ಎಲ್ಲ ಸಲವೂ ಕೇಳುವುದಿಲ್ಲವಲ್ಲ. ಮುಂದಿನ ಭಾನುವಾರ ಒಂದು ಪುಟ್ಟ ಬ್ಲೂಟೂತ್ ಸ್ಪೀಕರ್ ತಂದು, ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಜಾಡಿಯ ಪಕ್ಕ ಇಟ್ಟು, ಟ್ಯಾಬ್ಲೆಟ್ಟಿಗೆ ಜೋಡಿಸಿದೆ. ಇನ್ನು ಮೇಲೆ ಇವನು ಇಲ್ಲಿ ಬರೆದರೆ ಅವಳಿಗೆ ಅಲ್ಲಿ ಕೇಳುತ್ತದೆ. ಹೊಲದಿಂದ ಕೂಗುವ ಗಂಡನಿಗೆ ಒಗ್ಗಿದ್ದ ಅತ್ತಿಗೆಗೆ ಇದರಿಂದ ಅರ್ಧ ಸಮಾಧಾನವಾದೀತೆಂದು ನನ್ನ ಲೆಕ್ಕ.

ಅಂದು ಅಣ್ಣ ಸಪ್ಪಗಿದ್ದ. ರಿಪೋರ್ಟು ಮಾರನೆಯ ದಿನ ಬರುವುದಿತ್ತು. ಅದರ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅತ್ತಿಗೆ ಎಂದಿನಂತೆ ಕೆಲಸ ಮಾಡಿಕೊಂಡಿದ್ದಳು. ಒಳಗೆ ಪಾತ್ರೆ ತೊಳೆಯುವ ಸದ್ದು. ನಾನು ಪಕ್ಕದಲ್ಲಿ ಕೂತು, ಮೋಡವೊಂದು ಕೆರೆಯ ನೀರಿನಲ್ಲಿ ಈಜುವುದನ್ನು ನೋಡುತ್ತಿದ್ದೆ. ಅಣ್ಣ ನನ್ನ ತೋಳು ತಟ್ಟಿ, ಟ್ಯಾಬ್ಲೆಟ್ ಎಳೆದುಕೊಂಡು ಬರೆಯತೊಡಗಿದ. ನಿಧಾನವಾಗಿ ಬರೆದ. ಓದಲೆಂದು ನನ್ನ ಕಡೆ ತಿರುಗಿಸಿದ. ತಿರುಗಿಸುವಾಗ, ಇಷ್ಟು ದಿನದ ಅಭ್ಯಾಸದಿಂದ, ಅವನ ಹೆಬ್ಬೆರಳು ಒತ್ತುವ ಕಡೆ ಒತ್ತಿಯೇಬಿಟ್ಟಿತು.

ಅಡುಗೆಮನೆಯಲ್ಲಿ, ಉಪ್ಪಿನ ಜಾಡಿಯ ಪಕ್ಕದಿಂದ, ಊರಿಗೆಲ್ಲ ವಾರ್ತೆ ಹೇಳುವ ಗಟ್ಟಿದನಿಯಲ್ಲಿ ಬಂತು: "ನಂಗೆ ಎದರಿಕೆ ಆಯ್ತದೆ ಕಣ್ಲಾ. ಗೌರಿಗೆ ಯೋಳಬ್ಯಾಡ."

ಪಾತ್ರೆಯ ಸದ್ದು ನಿಂತಿತು.

ಅಣ್ಣ ಎರಡೂ ಕೈಯಲ್ಲಿ ಟ್ಯಾಬ್ಲೆಟ್ಟನ್ನು ಮುಚ್ಚಿ ಹಿಡಿದುಕೊಂಡ, ಆಡಿದ ಮಾತು ಇನ್ನೂ ಅದರೊಳಗೇ ಇದೆಯೇನೋ ಎನ್ನುವ ಹಾಗೆ. ನನಗೆ ಆ ಕ್ಷಣ, ಭೂಮಿಯ ಮೇಲೆ ಇರುವ ಎಲ್ಲ ಸ್ಪೀಕರುಗಳನ್ನೂ ನಾನೇ ಹೊತ್ತು ತಂದದ್ದು ಅನ್ನಿಸಿತು. ಅತ್ತಿಗೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಬಂದವಳು ಅಣ್ಣನ ಪಕ್ಕದಲ್ಲಿ ಜಗಲಿಯ ಮೇಲೆ ಕೂತಳು. ನನ್ನೆದುರಿಗೆ ಅವಳು ಅವನ ಪಕ್ಕ ಹಾಗೆ ಕೂತದ್ದೇ ಇಲ್ಲ.

"ನಂಗೂ ಎದರಿಕೆನೇ ಕಣ್ರೀ" ಎಂದಳು. "ಆಸ್ಪತ್ರೆಯಿಂದ ಬಂದಾಗ್ಲಿಂದ ಕಣ್ಣು ಮುಚ್ಚಿಲ್ಲ. ನೀವು ಕೂಗಾಡ್ತಿದ್ದಾಗ, ಒಂದಿನ ಇವ್ರ ಬಾಯಿ ನಿಂತ್ರೆ ಸಾಕು ಶಿವನೇ ಅಂತಿದ್ದೆ. ಈಗ ಮನೇಲಿ ಒಲೆ ಉರಿಯೋದು ಕೇಳುಸ್ತದೆ. ಅದ್ನ ಕೇಳಿದ್ರೆ ನಂಗೆ ಜೀವ ನಡುಗ್ತದೆ."

ಅಣ್ಣ ಬಾಯಿ ತೆರೆಯಲು ಹೋದ. ಅತ್ತಿಗೆ ಅವನ ಬಾಯಿಯ ಮೇಲೆ ಕೈ ಇಟ್ಟಳು. "ಆಡ್ಬ್ಯಾಡಿ. ಅದ್ರಲ್ಲೇ ಬರೀರಿ. ಏನಿದ್ರೂ ನಂಗೇ ಬರೀರಿ, ನಿಮ್ ತಮ್ಮಂಗಲ್ಲ."

ನಾನು ಎದ್ದು ಹಿತ್ತಲಿಗೆ ಹೋದೆ. ಹಸುವಿನ ಮುಂದೆ ನಿಂತು ಅದಕ್ಕೆ ಹುಲ್ಲು ಹಾಕಿದೆ. ಅದರ ಮುಂದೆ ಹುಲ್ಲು ಆಗಲೇ ಬೇಕಾದಷ್ಟಿತ್ತು. ಬೇಲಿಯ ಮೇಲೆ ಯಾವುದೋ ಹಕ್ಕಿ ಕೂಗುತ್ತಿತ್ತು. ಹೆಸರು ತಿಳಿಯಬೇಕೆಂದು ಆವತ್ತು ಅನ್ನಿಸಲೇ ಇಲ್ಲ. ಜಗಲಿಯ ಕಡೆಯಿಂದ ಆಗಾಗ ಅತ್ತಿಗೆಯ ಮಾತು ಮಾತ್ರ ಕೇಳುತ್ತಿತ್ತು. ವಾರ್ತೆಯ ಹೆಂಗಸು ಸುಮ್ಮನಿದ್ದಳು. ಅಣ್ಣ ಬರೆದದ್ದನ್ನು ಅತ್ತಿಗೆ ತಾನೇ ಓದಿಕೊಳ್ಳುತ್ತಿದ್ದಳೆಂದು ತೋರುತ್ತದೆ.

ಮಾರನೆಯ ದಿನ ಮೈಸೂರಿನಲ್ಲಿ ಡಾಕ್ಟರು ರಿಪೋರ್ಟು ನೋಡಿ, ಕೆಟ್ಟದ್ದೇನೂ ಇಲ್ಲ, ಕೂಗಿ ಕೂಗಿ ಆದ ಗಂಟಷ್ಟೇ ಎಂದರು. ಅತ್ತಿಗೆ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಅತ್ತಳು. ಅಣ್ಣನ ಪಾಲಿನದನ್ನೂ ಅವಳೇ ಅತ್ತಳೆಂದು ಕಾಣುತ್ತದೆ. ವಾರಗಳಾದ ಮೇಲೆ ಬಾಯಿ ಬಿಡಲು ಅಪ್ಪಣೆಯಾಯಿತು. ಮೊದಮೊದಲು ಬಂದ ದನಿ ಎಳೆಗರುವಿನ ಕೂಗಿನಂತೆ ಇತ್ತು. ಆಮೇಲೆ ಬೆಳೆಯಿತು. ಕೆರೆಯ ನಡುವಿನವರೆಗೆ ಬಂದಿದೆ, ಈಚೆ ದಡಕ್ಕೆ ಬರಲು ಅತ್ತಿಗೆ ಬಿಡುತ್ತಿಲ್ಲ.

ಇನ್ನೇನು ಕೆಲಸ ಮುಗಿಯಿತಲ್ಲ ಎಂದು ಟ್ಯಾಬ್ಲೆಟ್ ತರಲು ಹೋದೆ. ಅಣ್ಣ ಎದ್ದು ಹೊಲದ ಕಡೆ ಹೊರಟುಬಿಟ್ಟ. ಅತ್ತಿಗೆ ಕಾಫಿ ಕೊಟ್ಟು, ಸೆರಗಿನ ತುದಿ ಸುತ್ತುತ್ತಾ, "ಅದು ಇಲ್ಲೇ ಇರ್ಲಿ ಬುಡಪ್ಪ" ಎಂದಳು.

"ಯಾಕತ್ತಿಗೆ, ದನಿ ಬಂತಲ್ಲ?"

"ದನಿ ಬಂದದೆ. ಕೂಗಾಡೋದ್ನೆಲ್ಲ ಬಾಯಲ್ಲೇ ಕೂಗಾಡ್ತಾರೆ. ಬ್ಯಾರೆದು ಏನಾರ ಇದ್ರೆ ಅದ್ರಲ್ಲಿ ಬರೆದು ಒಲೆ ತಾವ ಇಟ್ಟು ಓಯ್ತಾರೆ." ಹೇಳಿ ಒಳಗೆ ಹೋದಳು. ಆ ಬೇರೆಯದು ಏನೆಂದು ಕೇಳುವಷ್ಟು ದಡ್ಡ ನಾನಲ್ಲ. ಸ್ಪೀಕರ್ ಮಾತ್ರ ಬಟ್ಟೆಯಲ್ಲಿ ಸುತ್ತಿ ನನಗೆ ವಾಪಸ್ಸು ಕೊಟ್ಟಳು.

ಇಷ್ಟು ವಾರ ಅದು ಇನ್ನೇನು ಬಂದೀತೆಂದು ಕಾಯುತ್ತಾ ಕೂತಿದ್ದವನು, ಟ್ಯಾಬ್ಲೆಟ್ ಇಲ್ಲದೆಯೇ ಬಸ್ಸು ಹತ್ತಿದೆ. ಪಿರಿಯಾಪಟ್ಟಣ ದಾಟಿ ಹುಣಸೂರು ಸೇರುವವರೆಗೂ ನನ್ನ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಸರಿದಾಡುತ್ತಿದ್ದವು, ಹೊಲ ಮಾತ್ರ ಸರಿಯುತ್ತಿದ್ದದ್ದು ಕಿಟಕಿಯಾಚೆ. ಮನೆಯಲ್ಲಿ ಊಟಕ್ಕೆ ಕೂತೆ. ಕೈಯಲ್ಲಿ ಹಿಡಿಯಲು, ಕಣ್ಣಿಗೆ ನೋಡಲು, ಇನ್ನು ಕಾಯಲು ಕೂಡ ಬೇರೆ ಏನೂ ಇರಲಿಲ್ಲವಾಗಿ, ಎದುರಿಗೆ ಸಾರು ಬಡಿಸುತ್ತಿದ್ದ ಸುಮಿತ್ರಾಳನ್ನು ನೋಡಿದೆ. ಚೆನ್ನಾಗಿ ಕಾಣುತ್ತಿದ್ದಳು. ಏನೋ ಹೊಸದಾಗಿತ್ತು. ಅಣ್ಣನ ಸಂಸಾರದಿಂದ ಕಲಿತು ಬಂದವನಾಗಿ, ಇಂಥದ್ದನ್ನು ಬಾಯಿಬಿಟ್ಟು ಹೇಳಬೇಕು ಎಂದುಕೊಂಡು, ಆದಷ್ಟು ಮೃದುವಾಗಿ ಕೇಳಿದೆ: "ಕನ್ನಡಕ ಹೊಸದಾ? ನಿನಗೆ ಒಪ್ಪುತ್ತೆ. ಯಾವ ಅಂಗಡೀಲಿ ಮಾಡಿಸಿದೆ?"

ಅವಳು ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡಳು.

"ನಿಮ್ಮದರಲ್ಲೇ" ಎಂದಳು. "ಕಣ್ಣು ಪರೀಕ್ಷೆ ಮಾಡಿದ್ದೂ ನೀವೇ."