ನೂರಕ್ಕೆ ಅರವತ್ತು ಪಡೆದ ಹೃದಯ

ನನಗೊಂದು ಕೆಟ್ಟ ಗುಣವಿದೆ. ಯಾರಾದರೂ ತಪ್ಪು ಹೇಳಿದರೆ ತಿದ್ದದೆ ಇರಲಾರೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಗುಣ ಅದು. ಸವಣೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದಷ್ಟು ವರ್ಷ ಅನ್ನ ಹಾಕಿತು, ರಿಟೈರ್ ಆದಮೇಲೆ ಮನೆಗೆ ಯಾರೂ ಬಾರದಂತೆ ಮಾಡಿತು. ಮಾತಿನ ನಡುವೆ ಗ್ರಾಮರ್ ತಿದ್ದುವ ಮುದುಕಿಯ ಹತ್ತಿರ ಯಾರು ಕೂರುತ್ತಾರೆ? ಮದುವೆ ಏಕೆ ಆಗಲಿಲ್ಲವೆಂದು ಕೇಳುವವರಿಗೂ ಇದೇ ಉತ್ತರ. ನೋಡಲು ಬಂದ ಗಂಡಿನ ಪ್ರೊನನ್ಸಿಯೇಶನ್ ತಿದ್ದಿದ್ದೆ. ಅಂಥ ನಾನು ಈಚೆಗೆ ಒಂದು ತಪ್ಪನ್ನು ಒಂಬತ್ತು ದಿನ ತಿದ್ದದೆ ಬಿಟ್ಟೆ.

ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಎಕೋ ಮಾಡಿಸಿ ಎಂದರು. ಸೂಜಿಯಿಲ್ಲ, ಕೊಯ್ಯುವುದಿಲ್ಲ. ಎಡಮಗ್ಗುಲಾಗಿ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿ, ಸೋಪಿನಷ್ಟು ದಪ್ಪದ ಒಂದು ಸಾಧನವನ್ನು ಒತ್ತುತ್ತ ಪರದೆಯ ಮೇಲೆ ಹೃದಯವನ್ನು ನೋಡುತ್ತಾರೆ. ಎಕೋ ಮಾಡಿದ ಹುಡುಗಿ ಇಪ್ಪತ್ತು ನಿಮಿಷ ನನ್ನನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಬ್ಬರು ನನ್ನನ್ನು ಅಷ್ಟು ಹೊತ್ತು ಗಮನವಿಟ್ಟು ನೋಡಿ ಎಷ್ಟು ಕಾಲವಾಗಿತ್ತೋ! ಮುಗಿಯಿತು ಏಳಿ ಎಂದಾಗ, ಇನ್ನೊಮ್ಮೆ ಸರಿಯಾಗಿ ನೋಡಮ್ಮ ಎನ್ನಬೇಕೆನಿಸಿತು.

ಎಕೋದಲ್ಲಿ ರಕ್ತನಾಳದ ಬ್ಲಾಕ್ ನೇರವಾಗಿ ಕಾಣುವುದಿಲ್ಲವೆಂದು ಟ್ರೆಡ್‌ಮಿಲ್ ಮೇಲೂ ನಡೆಸಿದರು. ಕೊನೆಗೆ ಡಾಕ್ಟರು, "ಎಲ್ಲಾ ನಾರ್ಮಲ್ ಐತ್ರಿ ಮೇಡಂ. ಬಿಪಿ ಸ್ವಲ್ಪ ಏರೈತಿ, ಉಪ್ಪು, ಕರದದ್ದು ಕಡಿಮಿ ಮಾಡ್ರಿ" ಎಂದರು. ರಿಪೋರ್ಟಿನಲ್ಲಿ ಇಜೆಕ್ಷನ್ ಫ್ರಾಕ್ಷನ್ ಅರವತ್ತು ಪರ್ಸೆಂಟ್ ಎಂದಿತ್ತು. ತುಂಬಿಕೊಂಡ ರಕ್ತವನ್ನೆಲ್ಲ ಯಾವ ಹೃದಯವೂ ಒಂದೇ ಬಡಿತಕ್ಕೆ ಹೊರಹಾಕುವುದಿಲ್ಲವಂತೆ. ಅರವತ್ತೆಂದರೆ ಗಟ್ಟಿ ಹೃದಯ.

ಊರಿಗೆ ಮರಳಿದಾಗ ಪಕ್ಕದ ಮನೆಯ ಜೈತೂನಬಿ ಕಟ್ಟೆಯ ಮೇಲೆ ಕೂತಿದ್ದಳು. ಇಂಗ್ಲಿಷ್ ಬಾರದಿದ್ದರೂ ಅಂಕಿ ಓದಬಲ್ಲಳು. ರಿಪೋರ್ಟು ಇಸಿದುಕೊಂಡು ನೋಡಿದವಳ ಮುಖ ಸಣ್ಣದಾಯಿತು.

"ನೂರಕ್ಕ ಅರವತ್ತ? ಉಳದ ನಲವತ್ತು ಎಲ್ಲಿ ಹೋತ್ರಿ ಅಕ್ಕೋರ?"

ತಿದ್ದಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ಮಾತಾಡಬ್ಯಾಡ್ರಿ, ಕುಂದರ್ರಿ. ಚಹಾ ನಾ ಮಾಡ್ತೇನಿ" ಎಂದು ನನ್ನ ಅಡಿಗೆಮನೆಗೆ ನಡೆದಳು. ನನ್ನ ಸ್ಟೋವನ್ನು ಬೇರೊಬ್ಬರು ಹಚ್ಚಿದ ಸದ್ದು ಕೇಳಿ ಬಾಯಿ ಮುಚ್ಚಿದೆ.

ನಮ್ಮ ಕಡೆ ಕಾಯಿಲೆಯವರನ್ನು ಮಾತಾಡಿಸಿ ಬರುವುದೆಂದರೆ ತಪ್ಪಿಸಬಾರದ ಕೆಲಸ, ಬರಿಗೈಯಲ್ಲಂತೂ ಹೋಗಬಾರದು. ಮರುದಿನದಿಂದ ಓಣಿಗೆ ಓಣಿಯೇ ಬಂತು. ನನ್ನ ಹೃದಯವನ್ನು ವಿಚಾರಿಸಲು ಬಂದವರೆಲ್ಲ ಅದಕ್ಕೆ ಆಗದ್ದನ್ನೇ ತಂದರು: ಬಿಸಿ ಮಿರ್ಚಿ ಭಜಿ, ಕರಿದ ಖಾರಾ, ಬೆಣ್ಣೆ ಬಿಸ್ಕೀಟು. ವೀಳ್ಯದೆಲೆ ಮಾರುವ ಬಸಣ್ಣ ನಿಟ್ಟುಸಿರು ಬಿಟ್ಟು, "ನಮ್ಮ ಮಾವಂದು ಐವತ್ತೈದು ಇತ್ರಿ. ಹ್ವಾದ" ಎಂದ.

"ಎದಿ ನೋವಿಂದನ?"

"ಅಲ್ರಿ, ಲಾರಿ ಹಾಯ್ತು."

ಅದೇನು ಸಂಬಂಧ ಎಂದು ಕೇಳಲಿಲ್ಲ. ಸಂಜೆಯವರೆಗೂ ಅವನು ಕೂತಿದ್ದ. ನಾನು ಭಜಿ ತಿನ್ನುತ್ತ, ಆಗಾಗ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತ, ಲೈಫ್‌ನಲ್ಲಿ ಮೊದಲ ಸಲ ಯಾರ ಮಾತನ್ನೂ ತಿದ್ದದೆ ಕೇಳಿದೆ. ಇಷ್ಟು ದಿನ ಇವರೆಲ್ಲ ಎಲ್ಲಿದ್ದರು ಎನಿಸುತ್ತಿತ್ತು. ಇಲ್ಲೇ ಇದ್ದರು, ಬಾಗಿಲಾಚೆ.

ಒಂಬತ್ತನೆಯ ದಿನ ಜೈತೂನಬಿ ಅನ್ನ ಬಡಿಸುತ್ತ, "ಹಿರೇಬೆಂಡಿಗೇರಿಗೆ ಹೋಗೂದಿಲ್ಲಂತ ಮಗಳಿಗೆ ಫೋನ್ ಮಾಡೇನ್ರಿ" ಎಂದಳು. ಅಲ್ಲಿ ಗಂಡನ ಮನೆಯಲ್ಲಿರುವ ಮಗಳಿಗೆ ಎರಡನೆಯ ಹೆರಿಗೆ, ದಿನ ತುಂಬಿದ್ದವು. "ಅತ್ತಿ ಅದಾಳ, ನೋಡ್ಕೋತಾಳ. ನಿಮಗ ಯಾರದಾರ?"

ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದೆ. ಸತ್ಯ ಹೇಳಿದರೆ ಇವಳು ಹೋಗುತ್ತಾಳೆ. ಹೇಳದಿದ್ದರೆ ಅಲ್ಲೊಬ್ಬಳು ನೋವಿನಲ್ಲಿ ಅವ್ವನ ದಾರಿ ನೋಡುತ್ತಾಳೆ. ತಟ್ಟೆ ಸರಿಸಿ, ಚಹಾದ ಕಿಟ್ಲಿಗೆ ನೀರು ತುಂಬಿ, ಅರ್ಧಕ್ಕಿಂತ ತುಸು ಹೆಚ್ಚು ಬಗ್ಗಿಸಿ ತೋರಿಸಿದೆ. "ಇಷ್ಟು ಹೊರಗ ಹಾಕಿದ್ರ ಎದಿ ಚಲೋ ಐತಿ ಅಂತ ಲೆಕ್ಕ. ನನಗೇನೂ ಆಗಿಲ್ಲ ಜೈತೂನಬಿ."

ಅವಳು ಕಿಟ್ಲಿಯನ್ನೂ ನನ್ನನ್ನೂ ನೋಡಿದಳು. "ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನೀವೆಲ್ಲಾ ಬರತಿದ್ರಿ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಊಟಾ ಮಾಡ್ರಿ, ಅನ್ನ ಆರತೈತಿ" ಎಂದಳು. ಮಧ್ಯಾಹ್ನದ ಬಸ್ಸಿಗೆ ಹೋದಳು. ಗಂಡುಮಗುವಂತೆ. ಬಾಣಂತನ ಮುಗಿಸಿಯೇ ಬರುತ್ತಾಳಂತೆ.

ಉಳಿದವರಿಗೂ ಸತ್ಯ ಹೇಳಬೇಕಲ್ಲ. ಒಬ್ಬೊಬ್ಬರನ್ನೇ ನಿಲ್ಲಿಸಿ ಹೃದಯದ ಲೆಫ್ಟ್ ವೆಂಟ್ರಿಕಲ್‌ನಿಂದ ಪಾಠ ಶುರುಮಾಡಿದೆ. ಬಸಣ್ಣನಿಗಂತೂ ಅವನ ಎಲೆಯ ಬುಟ್ಟಿಯ ಮುಂದಿನ ಕಲ್ಲಿನ ಮೇಲೆಯೇ ಚಾಕ್‌ಪೀಸಿನಿಂದ ಡಯಾಗ್ರಾಮ್ ಬರೆದು, ಅರ್ಥವಾಯಿತೇ ಎಂದು ಪ್ರಶ್ನೆಯನ್ನೂ ಕೇಳಿದೆ. ಈಗ ದಿನವೂ ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ. ನಾನು ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಕಟ್ಟೆಗಳು ಖಾಲಿಯಾಗುತ್ತವೆ. ನಡುವೆ ಎಲ್ಲೂ ನಿಲ್ಲದೆ ಬಿರುಸಾಗಿ ನಡೆದರೆ ಹೃದಯಕ್ಕೆ ಒಳ್ಳೆಯದಂತೆ. ನನ್ನನ್ನು ನಿಲ್ಲಿಸುವವರು ಈಗ ಯಾರೂ ಇಲ್ಲ.