ಕ್ಯೂಬಾದ ಡೋಲು, ಸಿದ್ದಾಪುರದ ಡಬ್ಬಿ

ನಾನು ಡೋಲು ಕೇಳಲು ಕೂತರೆ ಯಾರಾದರೂ ಎದ್ದು ನಿಲ್ಲುತ್ತಾರೆ. ಮೊದಲು ನನ್ನ ಗ್ರಹಚಾರ ಎಂದುಕೊಂಡಿದ್ದೆ. ಈಗ ಊರಿನ ಗುಣ ಎಂದು ತಿಳಿದಿದೆ.

ಸಿದ್ದಾಪುರದ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಗಂಟೆ ಬಾರಿಸಿ ಆಳುಗಳ ಹಾಜರಿ ಬರೆಯುವ ಕೆಲಸ. ವರ್ಗವಾಗಿ ಹೋದ ಮ್ಯಾನೇಜರು ಒಂದು ಕ್ಯಾಸೆಟ್ ಬಿಟ್ಟುಹೋದರು. ಕ್ಯೂಬಾ ದೇಶದ ಸಂಗೀತ. ಅದರಲ್ಲಿ ಕಾಂಗಾ ಎಂಬ ಡೋಲು. ಉದ್ದನೆಯ ಪೀಪಾಯಿಗೆ ಚರ್ಮ ಬಿಗಿದಂತಿರುತ್ತದೆ. ಕೋಲಿಲ್ಲ, ಬರಿಗೈಯಲ್ಲೇ ಬಾರಿಸುತ್ತಾರೆ. ಹಾಡು ನಿಂತು ಡೋಲು ಒಂದೇ ನುಡಿಯುವ ಜಾಗ ಬಂದರೆ ಉಸಿರು ಹಿಡಿದು ಕೇಳುತ್ತಿದ್ದೆ. ಸರಿಯಾಗಿ ಅಲ್ಲೇ ಟೇಪು ಮುಗಿಯುತ್ತಿತ್ತು.

ಸಾಯುವುದರೊಳಗೆ ಒಮ್ಮೆ ಎದುರು ಕೂತು ಕೊನೆಯವರೆಗೆ ಕೇಳಬೇಕು. ಇಷ್ಟೇ ನನ್ನ ಆಸೆ. ದೊಡ್ಡದೇನಲ್ಲ. ಆದರೆ ಇದು ಕೊಡಗು.

ಸ್ಪೀಕರ್

ನಿವೃತ್ತನಾದ ಮೇಲೆ ಮಗಳು ಒಂದು ಸ್ಪೀಕರ್ ತಂದುಕೊಟ್ಟಳು. ಸಂಜೆ ಜಗಲಿಯಲ್ಲಿಟ್ಟು ಫೋನಿನಿಂದ ಕಾಂಗಾ ಹಾಕಿದೆ. ಎರಡು ನಿಮಿಷ ಆಗಿರಲಿಲ್ಲ. ಪಕ್ಕದ ಲೈನ್‌ಮನೆಗಳಿಂದ, ಅಂದರೆ ಎಸ್ಟೇಟಿನ ಆಳುಗಳ ಸಾಲುಮನೆಗಳಿಂದ, ಹತ್ತು ಜನ ಎಣ್ಣೆ ಡಬ್ಬಿ ಬಡಿಯುತ್ತ ಓಡಿಬಂದರು. ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜಿ.

"ಎಲ್ಲಿ ರೈಟರೇ?"

"ಏನು ಎಲ್ಲಿ?"

"ಆನೆ!"

ನಮ್ಮಲ್ಲಿ ತೋಟಕ್ಕೆ ಆನೆ ಬಂದರೆ ಡಬ್ಬಿ ಬಡಿದು ಓಡಿಸುತ್ತಾರೆ. ಒಬ್ಬರು ಬಡಿದರೆ ಕೇಳಿದವರೆಲ್ಲ ಬಡಿಯಬೇಕು.

"ಇದು ಸಂಗೀತ," ಎಂದೆ.

ಅಜ್ಜಿ ಸ್ಪೀಕರಿಗೆ ಕಿವಿಯಿಟ್ಟಳು. ಸ್ವಲ್ಪ ಹೊತ್ತು ಕೇಳಿದಳು.

"ದಿನಾ ಹಾಕಿ ರೈಟರೇ. ಇದಕ್ಕೆ ಯಾವ ಆನೆಯೂ ಹತ್ರ ಬರಲ್ಲ."

ತಿದ್ದುಪಡಿ

ಗಾಳಿಬೀಡಿನ ಕಡೆ ಒಂದು ರೆಸಾರ್ಟಿಗೆ ಕ್ಯೂಬಾದ ತಂಡ ಬಂತು. ಕಾಂಗಾ ಬಾರಿಸುವವನು ನನ್ನಷ್ಟೇ ಮುದುಕ, ಅವರ ನಾಡಿನಲ್ಲಿ ದೊಡ್ಡ ವಿದ್ವಾಂಸನಂತೆ. ಹೊರಟೆ. ಬಾಳೆಲೆ ಎಂಬ ಊರಿನಿಂದ ನನ್ನ ಹೆಂಡತಿಯ ತಮ್ಮನೂ ಬಂದ. ಬೇಡ ಎಂದರೂ ಬಂದ. ಊಟ ಇತ್ತಲ್ಲ.

"ಭಾವ, ಕುಣಿಯೋಕೆ ಆಗ್ತದಾ?"

"ಕೂತು ಕೇಳುವುದು."

"ಕೂತು? ಡೋಲನ್ನಾ?"

ನಮ್ಮ ಮದುವೆಗಳಲ್ಲಿ ವಾಲಗ ಶುರುವಾದರೆ ಎಲ್ಲರೂ ಕುಣಿಯುತ್ತಾರೆ. ಕೂತೇ ಇದ್ದವನಿಗೆ ಮಂಡಿನೋವು, ಇಲ್ಲವೇ ಹೆಣ್ಣಿನ ಕಡೆಯವರ ಮೇಲೆ ಸಿಟ್ಟು ಎಂದು ಅರ್ಥ.

ಮುದುಕ ಒಂಟಿಯಾಗಿ ಬಾರಿಸಲು ತೊಡಗಿದ. ಅರ್ಧ ನಿಮಿಷಕ್ಕೆ ಭಾವಮೈದ ಎದ್ದ. ಎರಡೂ ಕೈ ಮೇಲೆತ್ತಿ ವಾಲಗದ ಹೆಜ್ಜೆ ಹಾಕಿದ. ಅವನ ಹಿಂದೆ ಅರ್ಧ ಸಭೆ. ಮುದುಕನ ತಾಳ ಒಂದು, ಇವರ ಹೆಜ್ಜೆ ಇನ್ನೊಂದು. ಮುದುಕ ನೋಡಿದ, ನಕ್ಕ, ಸಮುದ್ರ ದಾಟಿಸಿ ತಂದ ತಾಳವನ್ನು ಬದಿಗಿಟ್ಟು ಇವರ ಹೆಜ್ಜೆಗೇ ಬಾರಿಸಿದ.

ಭಾವಮೈದ ಬೆವರು ಒರೆಸುತ್ತ ಬಂದು ಕೂತ.

"ಪಾಪ, ಮೊದಲು ತಪ್ಪು ಬಾರಿಸ್ತಿದ್ದ. ಸರಿ ಮಾಡಿದೆ."

ಕೈ

ಊಟಕ್ಕೆ ಮುದುಕ ನಮ್ಮ ಮೇಜಿಗೇ ಬಂದ. ಜೊತೆಗೆ ಮಾತು ತಿಳಿಸಲು ಒಬ್ಬ ಗೈಡ್. ಮುದುಕನ ಅಂಗೈ ಹಿಮ್ಮಡಿಯಂತೆ ಗಟ್ಟಿಯಾಗಿತ್ತು. ಕ್ಯಾಸೆಟ್ಟಿನ ಕತೆ ಹೇಳಿದೆ. ಅವನು ನನ್ನ ಬೆನ್ನಿಗೊಂದು ಗುದ್ದಿದ.

"ನಾಳೆ ಸಿದ್ದಾಪುರದಲ್ಲಿ ನಿಮ್ಮ ಎಸ್ಟೇಟಿನ ಬಂಗಲೆಯಲ್ಲೇ ಬಾರಿಸ್ತಾರಂತೆ," ಎಂದ ಗೈಡ್. "ಮುಂದೆ ಕೂತ್ಕೋಬೇಕಂತೆ ನೀವು. ಏನೇ ಆದ್ರೂ ನಡುವೆ ನಿಲ್ಸಲ್ವಂತೆ. ಅಂದಹಾಗೆ, ನೀವೇನು ಬಾರಿಸ್ತೀರಿ ಅಂತ ಕೇಳ್ತಿದ್ದಾರೆ."

ಬಾಯಿ ತುಂಬ ಹಂದಿ ಮಾಂಸ ಇಟ್ಟುಕೊಂಡು ಭಾವಮೈದ ಉತ್ತರ ಕೊಟ್ಟ.

"ಎಸ್ಟೇಟಿನ ಗಂಟೆ. ಕೇಳಿದವರೆಲ್ಲ ಬಯ್ಯೋರು."

ಕೊನೆಯವರೆಗೆ

ಮರುದಿನ ಬೆಳಿಗ್ಗೆ ಲೈನ್‌ಮನೆಗಳಿಗೆ ಹೋಗಿ ಹೇಳಿದೆ. "ನಾಲ್ಕು ಗಂಟೆಗೆ ಬಂಗಲೆಯಲ್ಲಿ ಡೋಲಿನ ಸದ್ದು. ಆನೆ ಅಲ್ಲ. ಯಾರೂ ಡಬ್ಬಿ ಮುಟ್ಟಬಾರದು. ಬೇಕಾದರೆ ಬಂದು ಕೇಳಿ." ಎಲ್ಲರೂ ಒಪ್ಪಿದರು.

ಬಂಗಲೆಯ ಹುಲ್ಲುಹಾಸಿನಲ್ಲಿ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ಕೂತೆ. ಭಾವಮೈದನನ್ನು ನನಗೂ ಒಂದು ದೊಡ್ಡ ಹೂಕುಂಡಕ್ಕೂ ನಡುವೆ ಸಿಕ್ಕಿಸಿದೆ. ಲೈನಿನವರು, ತಂದಿದ್ದ ಡಬ್ಬಿಗಳನ್ನು ಕಾಲ ಬಳಿ ಇಟ್ಟು, ಹಿಂದೆ ಗೇಟಿನ ಹತ್ತಿರ ನಿಂತರು.

ಮುದುಕ ಕಣ್ಣು ಮುಚ್ಚಿದ. ಮೊದಲು ಬೆರಳ ತುದಿ. ಖಾಲಿ ಬುಟ್ಟಿಗೆ ಕಾಫಿ ಹಣ್ಣು ಒಂದೊಂದೇ ಬಿದ್ದಂತೆ. ಆಮೇಲೆ ಅಂಗೈ. ಎರಡು ಕೈಯೋ ನಾಲ್ಕೋ ತಿಳಿಯಲಿಲ್ಲ. ನಡುನಡುವೆ ಒಂದು ಪೆಟ್ಟನ್ನು ಬೇಕೆಂದೇ ಬಿಡುತ್ತಿದ್ದ. ಆ ಬಿಟ್ಟ ಪೆಟ್ಟೇ ಹೆಚ್ಚು ಕೇಳುತ್ತಿತ್ತು.

ಕ್ಯಾಸೆಟ್ಟು ಮುಗಿಯುತ್ತಿದ್ದ ಜಾಗ ದಾಟಿತು. ಯಾರೂ ಎದ್ದು ಕುಣಿಯಲಿಲ್ಲ. ಒಂದು ಕೆಮ್ಮೂ ಇಲ್ಲ. ನಮ್ಮವರು ಇಷ್ಟು ಸುಧಾರಿಸಿದ್ದಾರಲ್ಲ ಎಂದು ಹೆಮ್ಮೆಯಾಯಿತು.

ಅಜ್ಜಿ ಬಂದು ಹೆಗಲು ತಟ್ಟಿದಳು.

"ರೈಟರೇ..."

"ಶ್!"

"ಡಬ್ಬಿ ಬಡೀಬಹುದಾ?"

"ಮುಟ್ಟಬೇಡ!"

ಹೋದಳು. ನಾನು ತಿರುಗಿ ನೋಡಲಿಲ್ಲ.

ಕೊನೆಯ ಪೆಟ್ಟು ಬಿತ್ತು. ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಒಬ್ಬನೇ. ಮುದುಕ ಕಣ್ಣು ಬಿಟ್ಟು ನಿಧಾನವಾಗಿ ತಲೆಬಾಗಿದ. ನನಗಲ್ಲ, ನನ್ನ ತಲೆಯ ಮೇಲಿಂದ ಆಚೆಗೆ.

ತಿರುಗಿದೆ. ಕುರ್ಚಿಗಳೆಲ್ಲ ಖಾಲಿ. ತೀರಾ ಹತ್ತಿರ ಆನೆ ಕಂಡರೆ ಸದ್ದಿಲ್ಲದೆ ಸರಿಯುವುದು ನಮ್ಮವರಿಗೆ ಅಭ್ಯಾಸ. ಭಾವಮೈದ ಹೂಕುಂಡ ಹಾರಿದ್ದ. ಬಂಗಲೆಯ ಕಿಟಕಿಯಲ್ಲಿ ಅವನ ಮುಖ. ಹಿಂದಿನ ಸಾಲಿನ ಆಚೆ, ಬೇಲಿಗೆ ಸೊಂಡಿಲು ತಾಗಿಸಿ, ಒಂಟಿ ಸಲಗ. ಕಿವಿ ಕೂಡ ಆಡಿಸದೆ ನಿಂತಿತ್ತು. ಗೇಟಿನ ಹತ್ತಿರ ಲೈನಿನವರು, ಕೈಯಲ್ಲಿ ಡಬ್ಬಿ ಹಿಡಿದು, ಸುಮ್ಮನೆ.

"ಬಡೀರಿ," ಎಂದೆ.

"ಬೇಡ ಅಂದ್ರಲ್ಲ?" ಎಂದಳು ಅಜ್ಜಿ.

ಸಲಗ ಇನ್ನೂ ಸ್ವಲ್ಪ ಹೊತ್ತು ಕಾಯಿತು. ಇನ್ನೊಂದು ಬಾರಿಸಬಹುದು ಎಂದುಕೊಂಡಿತೇನೋ. ಆಮೇಲೆ ತಾನಾಗಿಯೇ ತಿರುಗಿ ಕಾಫಿ ಗಿಡಗಳ ನಡುವೆ ಹೋಯಿತು. ಒಂದು ರೆಂಬೆಯನ್ನೂ ಮುರಿಯಲಿಲ್ಲ.

ಅಜ್ಜಿ ಮುದುಕನ ಕೈ ನೋಡಿದಳು. ತನ್ನ ಡಬ್ಬಿ ನೋಡಿದಳು. ಅದನ್ನು ನೆಲಕ್ಕೆ ಕುಕ್ಕಿದಳು.

"ಹುಟ್ಟಿದಾಗಿಂದ ಬಡೀತಿದ್ದೀನಿ ರೈಟರೇ. ಒಂದು ಆನೆಯಾದ್ರೂ ಕೊನೇವರೆಗೆ ನಿಂತು ಕೇಳಿದ್ದುಂಟಾ?"