ಕತ್ತಲೆ ಕೋಣೆಯ ಜಪ

ಕತ್ತಲೆಯಲ್ಲಿ ಮನುಷ್ಯನಿಗೆ ದೇವರು ನೆನಪಾಗುವುದು ಸಹಜ. ನನಗೆ ನಿದ್ದೆಯೂ ನೆನಪಾಗುತ್ತದೆ. ಆ ಮಧ್ಯಾಹ್ನ ನಮ್ಮ ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ ಇದ್ದವರು ಇಬ್ಬರೇ: ನಾನು, ಮತ್ತು ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ರಾಜೀವನಗರದ ಫಿಲೋಮಿನಾ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊರಗೆ ಊಟವಾದ ಮೇಲಿನ ಮೈಸೂರಿನ ಮಂಪರು, ಒಳಗೆ ಒಂದೇ ಒಂದು ಮಂಕು ಕೆಂಪು ಬಲ್ಬು.

ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಮಲಗಿದ ರಾಗಿಯೂ ಮೊಳೆಯುತ್ತದೆ. "ಅದು ಎದ್ದೇಳ್ತದೆ ಕಣೋ, ನೀನೇ ಏಳಲ್ಲ" ಎಂದು ನಮ್ಮಜ್ಜಿ ಬಯ್ಯುತ್ತಿದ್ದರು. ಕಾಳಿನಲ್ಲಿ ಮುದಿಯಾದ ಪ್ರೋಟೀನುಗಳನ್ನು, ಹರಿದ ಬಟ್ಟೆಗೆ ರಫೂ ಹಾಕುವವರಂತೆ, ರಿಪೇರಿ ಮಾಡುವ ಕಿಣ್ವವೊಂದಿದೆ. ನಮ್ಮ ರಾಗಿಯಲ್ಲೂ ಅದು ಇದೆಯೇ ಎಂಬುದು ಫಿಲೋಮಿನಾಳ ಪ್ರಶ್ನೆ. ಅದನ್ನು ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿಯನ್ನು ಯಾರೋ ಪುಣ್ಯಾತ್ಮರು ಬೇರೊಂದು ಗಿಡಕ್ಕೆಂದು ಮಾಡಿ, ನಮಗೂ ಒಂದಿಷ್ಟು ಕೊಟ್ಟಿದ್ದರು. ಅದರ ಕೊನೆಯ ಹನಿ ಅವತ್ತು ರಾಗಿಯ ಪ್ರೋಟೀನು ಹಿಡಿದ ಹಾಳೆಯ ಮೇಲೆ ಖರ್ಚಾಗಿತ್ತು. ಅದು ಅಂಟಿದ್ದರೆ, ಮದ್ದು ಹಾಕಿದಾಗ ಅಲ್ಲೊಂದು ಮಿಣುಕು ಬೆಳಕು. ಆ ಬೆಳಕು, ಹಾಳೆಗೆ ಒತ್ತಿಟ್ಟ ಎಕ್ಸ್-ರೇ ಫಿಲ್ಮಿನ ಮೇಲೆ ಕಪ್ಪು ಗೆರೆಯಾಗಬೇಕು. ಗೆರೆ ಬರದಿದ್ದರೆ ಅವಳು ಇಷ್ಟು ವರ್ಷ ದುಡಿದದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ.

ಫಿಲ್ಮನ್ನು ಎಷ್ಟು ಹೊತ್ತು ಇಡಬೇಕೆಂಬುದನ್ನು ನಾವು ಬಾಯಲ್ಲೇ ಅಳೆಯುತ್ತಿದ್ದೆವು. ಆ ಬಲ್ಬಿನಲ್ಲಿ ಗಡಿಯಾರದ ಮುಳ್ಳು ಕಾಣದು. ರೇಡಿಯಂ ಗಡಿಯಾರದ ಹೊಳಪು ಫಿಲ್ಮಿಗೆ ತಾಗೀತೆಂದು ನಾನೇ ಅದನ್ನು ಹೊರಗಿಡಿಸಿದ್ದೆ. ಅವಳು ಜಪಸರದ ಒಂದು ಸುತ್ತು ಹೇಳಿ ಫಿಲ್ಮು ತೆಗೆಯುತ್ತಿದ್ದಳು. ಅವತ್ತು ಮಾತ್ರ, "ನನ್ ಬಾಯಿ ಒಣಗೋಗಿದೆ ಸಾರ್, ನೀವೇ ಹೇಳ್ಬುಡಿ" ಎಂದಳು.

"ನಮ್ಮ ಪಂಚಾಕ್ಷರಿ ಆದೀತೇನಮ್ಮ?"

"ಯಾವ್ದಾದ್ರೂ ಸರಿ ಸಾರ್, ಬೇಗ!"

ಶುರು ಮಾಡಿದೆ. ಹೇಳುತ್ತ ಹೇಳುತ್ತ ಕೆಂಪು ಬಲ್ಬು ಸಂಜೆಯಾಯಿತು. ಸಂಜೆಯಲ್ಲಿ ಹಗೇವಿನ ಬಾಯಿ ತೆರೆಯಿತು. ಒಳಗೆ ರಾಗಿಕಾಳುಗಳೆಲ್ಲ ಸೂಜಿದಾರ ಹಿಡಿದು, ತಂತಮ್ಮ ಅಂಗಿಗೆ ರಫೂ ಹಾಕಿಕೊಳ್ಳುತ್ತ ಕೂತಿದ್ದವು. ಒಂದು ಕಾಳು ನನ್ನ ಮೊಣಕಾಲು ತಟ್ಟಿ ನೋಡಿ, "ಇದು ಹೊಲಿಯಕ್ಕೆ ಬರಲ್ಲ ಬುಡಿ" ಎಂದಿತು.

"ಸಾರ್! ಸಾರ್!"

"ಯಾಕಮ್ಮ, ಜಪ ಮುಗೀಲಿಲ್ಲ..."

"ಮನಸ್ಸಲ್ಲೇ ಹೇಳ್ಕೋತಿದೀರ ಅಂತ ಸುಮ್ನಿದ್ದೆ. ಆಮೇಲೆ ಗೊರಕೆ ಬಂತು."

ಹೊತ್ತು ಮೀರಿದ ಫಿಲ್ಮು ತೊಳೆದರೆ, ಕಾಡಿಗೆ ಬಳಿದಂತೆ ಪೂರ್ತಿ ಕಪ್ಪು. ಅವಳು ಅಳಲಿಲ್ಲ, ನನ್ನನ್ನೇ ನೋಡಿದಳು. ಅತ್ತಿದ್ದರೆ ಎಷ್ಟೋ ವಾಸಿಯಿತ್ತು.

"ಇನ್ನೊಂದು ಫಿಲ್ಮು ಹಾಕಮ್ಮ."

"ಬೆಳಕೇ ಆರೋಗಿರುತ್ತೆ ಸಾರ್."

"ಆರಿದ್ರೆ ಆರ್ಲಿ, ಹಾಕು."

ಈ ಸಲ ಅವಳೇ ಪ್ರಾರ್ಥನೆ ಹೇಳಿದಳು. ನಾನು ನಿಂತುಕೊಂಡೇ ಇದ್ದೆ, ಕೂರುವ ಧೈರ್ಯವಾಗಲಿಲ್ಲ. ಮೊದಲು ಫಿಲ್ಮಿಗೆ ವಿಪರೀತವಾಗಿದ್ದ ಬೆಳಕು ಅಷ್ಟರಲ್ಲಿ ತಗ್ಗಿ ಹದಕ್ಕೆ ಬಂದಿತ್ತು. ತೊಳೆದ ಫಿಲ್ಮಿನ ನಡುವೆ, ತೀಡಿದ ಹುಬ್ಬಿನಂತೆ, ಒಂದೇ ಒಂದು ಗೆರೆ.

"ಇದೆ ಸಾರ್! ನಮ್ ರಾಗೀಲೂ ಇದೆ!"

ಬೆಳಕು ಹದವಾದದ್ದು ನನ್ನ ನಿದ್ದೆಯ ಪುಣ್ಯದಿಂದ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಗೆರೆಯ ಫೋಟೋ ಕಳಿಸಿದ ಮೇಲೆ ಆ ಪುಣ್ಯಾತ್ಮರು ಇನ್ನೊಂದು ಬಾಟಲಿ ಆಂಟಿಬಾಡಿ ಕಳಿಸಿಕೊಟ್ಟರು. ಫಿಲೋಮಿನಾ ಕತ್ತಲೆ ಕೋಣೆಗೆ ಹೊರಟಳು. ನಾನೂ ಹಿಂದೆಯೇ ಎದ್ದೆ. ಅವಳು ಬಹಳ ಮರ್ಯಾದೆಯಿಂದ ಬಾಗಿಲ ಹೊರಗೆ ಒಂದು ಸ್ಟೂಲು ಹಾಕಿ, "ನೀವು ಇಲ್ಲೇ ಕೂತ್ಕೊಳ್ಳಿ ಸಾರ್, ಯಾರೂ ಬಾಗಿಲು ತೆಗೀದಂಗೆ ನೋಡ್ಕೊಳ್ಳಿ" ಎಂದಳು. ಆಮೇಲೆ ಒಳಗಿನಿಂದ ಚಿಲಕವನ್ನೂ ಹಾಕಿಕೊಂಡಳು.